ವಾಪಸ್ ಬಂದ ವೀಳ್ಯ

ನಮ್ಮ ಮನೆಯ ಒಂದು ಸ್ಟೀಲ್ ತಟ್ಟೆಯ ನಡುವೆ ದೊಡ್ಡ ಗುಳಿ ಬಿದ್ದಿದೆ. ಅದರಲ್ಲಿ ಊಟಕ್ಕೆ ಕೂತರೆ ಸಾರೆಲ್ಲ ಬಂದು ಗುಳಿಯಲ್ಲೇ ನಿಲ್ಲುತ್ತದೆ. "ಇದನ್ನ ಹಳೇ ಪಾತ್ರೆಗೆ ಹಾಕಿ ಹೊಸದು ತರಬಾರದಾ?" ಎಂದು ನಮ್ಮ ಮನೆಯವರು ಎಂಟು ತಿಂಗಳಿಂದ ಹೇಳುತ್ತಿದ್ದಾರೆ. ನಾನೂ ಮೊಮ್ಮಗಳು ಪುಟ್ಟಿಯೂ ಒಪ್ಪಿಲ್ಲ.

ಗುಳಿ ಬಿದ್ದದ್ದು 2020ರ ಮಾರ್ಚ್ 22ರ ಭಾನುವಾರ ಸಂಜೆ ಐದು ಗಂಟೆಗೆ. ಜನತಾ ಕರ್ಫ್ಯೂ ದಿನ. ನೆನಪಿದೆಯಲ್ಲ ಮಕ್ಕಳೇ? ವೈದ್ಯರಿಗೂ ದಾದಿಯರಿಗೂ ಕೃತಜ್ಞತೆ ಹೇಳಲು ದೇಶವೆಲ್ಲ ಬಾಗಿಲಿಗೆ ಬಂದು ಚಪ್ಪಾಳೆ ತಟ್ಟಿತು, ತಟ್ಟೆ ಬಡಿಯಿತು. ಕೋಲಾರದ ನಮ್ಮ ಬೀದಿಯೂ ಬಡಿಯಿತು. ಪುಟ್ಟಿಗೆ ಬೆಂಗಳೂರಿನಲ್ಲಿ ಸ್ಕೂಲು ಮುಚ್ಚಿ, ಎರಡು ಜೊತೆ ಬಟ್ಟೆ ಹಿಡಿದು "ಒಂದು ವಾರಕ್ಕೆ" ಎಂದು ನಮ್ಮಲ್ಲಿಗೆ ಬಂದಿದ್ದಳು. ಆ ಒಂದು ವಾರ ಇನ್ನೂ ಮುಗಿದಿಲ್ಲ. ತಂದಿದ್ದ ಫ್ರಾಕುಗಳು ಮಾತ್ರ ಗಿಡ್ಡವಾಗಿವೆ.

ಬೀದಿಯವರೆಲ್ಲ ಟಣ್, ಟಣ್, ಟಣ್ ಎಂದು ಒಂದೇ ಸಮ ಬಡಿಯುತ್ತಿದ್ದರೆ ನಮ್ಮ ಪುಟ್ಟಿ ಸೌಟು ಹಿಡಿದು ಎರಡು ಟಣ್‌ಗಳ ನಡುವೆ ತನ್ನದೊಂದು ಟಣ್ ಸೇರಿಸುತ್ತಿದ್ದಳು. ಎದುರುಮನೆಯವರು ನಕ್ಕು, "ಮಗು ತಾಳ ತಪ್ಪಿಸ್ತಿದೆ ಮೇಷ್ಟ್ರೇ" ಎಂದರು. ನನಗೋ ಹಿಗ್ಗು. "ತಪ್ಪಿಸ್ತಿಲ್ಲ, ನೀವೆಲ್ಲ ಬಿಟ್ಟಿರೋ ಜಾಗ ಹುಡುಕಿ ತುಂಬಿಸ್ತಿದಾಳೆ" ಎಂದೆ. ನೀವೂ ಮಾಡಿ ನೋಡಿ. ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸುತ್ತಾ ಒಂದಕ್ಕೂ ಮೂರಕ್ಕೂ ಚಪ್ಪಾಳೆ ತಟ್ಟಿ. ಅದು ಕವಾಯತಿನ ನಡಿಗೆ. ಈಗ ಅವೆರಡನ್ನು ಬಿಟ್ಟು ಎರಡಕ್ಕೂ ನಾಲ್ಕಕ್ಕೂ ತಟ್ಟಿ. ಭುಜ ತಾನಾಗಿ ಅಲ್ಲಾಡುತ್ತದೆ. ಜಾಝ್ ಸಂಗೀತ ಕೇಳುವವರು ಚಪ್ಪಾಳೆ ತಟ್ಟುವುದು ಹೀಗೆ.

ಕೋಲಾರದ ಮುದುಕನಿಗೆ ಜಾಝ್ ಹುಚ್ಚು ಹೇಗೆ ಹಿಡಿಯಿತು ಎಂದು ಕೇಳುತ್ತೀರಿ. ಅದು ಕೆಜಿಎಫ್‌ನ ಕೊಡುಗೆ. ಚಿನ್ನದ ಗಣಿ ಜೋರಾಗಿ ನಡೆಯುತ್ತಿದ್ದ ಕಾಲದಲ್ಲಿ ಅದನ್ನು 'ಪುಟ್ಟ ಇಂಗ್ಲೆಂಡ್' ಎನ್ನುತ್ತಿದ್ದರು. ಕ್ಲಬ್ಬು, ಬ್ಯಾಂಡು, ಕುಣಿತ ಎಲ್ಲ ಇತ್ತು. ನಾನು ಅಲ್ಲಿ ಮೇಷ್ಟರಾಗಿ ಸೇರಿದಾಗ ಪಕ್ಕದ ಮನೆಯಲ್ಲಿ ಒಂದು ಆಂಗ್ಲೋ ಇಂಡಿಯನ್ ಕುಟುಂಬವಿತ್ತು. ರಾತ್ರಿ ಆ ಮನೆಯ ಯಜಮಾನರು ರೇಡಿಯೋದ ಶಾರ್ಟ್‌ವೇವ್ ತಿರುಗಿಸಿ 'ವಾಯ್ಸ್ ಆಫ್ ಅಮೆರಿಕ' ಹಾಕುತ್ತಿದ್ದರು. ವಿಲ್ಲಿಸ್ ಕಾನೋವರ್ ಎಂಬವರು ಜಾಝ್ ಕಾರ್ಯಕ್ರಮ ನಡೆಸುತ್ತಿದ್ದರು. ಪರದೇಶದವರಿಗೂ ಅರ್ಥವಾಗಲಿ ಎಂದು ಒಂದೊಂದೇ ಪದ ಬಿಡಿಸಿ, ನಿಧಾನವಾಗಿ ಮಾತಾಡುತ್ತಿದ್ದರು. ನನ್ನ ಇಂಗ್ಲಿಷ್ ಸುಧಾರಿಸಲಿ ಎಂದು ಕೇಳಲು ಹೋದೆ. ಇಂಗ್ಲಿಷ್ ಅಷ್ಟಕ್ಕಷ್ಟೇ ಉಳಿಯಿತು, ಸಂಗೀತ ಒಳಗೆ ಹೊಕ್ಕಿತು. ನಮ್ಮ ಮನೆಯವರು ಇವತ್ತಿಗೂ ಅದನ್ನು "ನಿಮ್ಮ ಜಾಜಿ" ಎನ್ನುತ್ತಾರೆ. "ಜಾಜಿ ಆಗಿದ್ರೆ ಮುಡ್ಕೋಬಹುದಿತ್ತು, ಇದನ್ನ ಏನು ಮಾಡ್ಲಿ?" ಎಂಬುದು ಅವರ ಹಳೆಯ ಪ್ರಶ್ನೆ.

ಲಾಕ್‌ಡೌನ್ ಶುರುವಾದ ಮೇಲೆ ನಮ್ಮ ಮನೆಯಲ್ಲಿ ಒಂದು ನಿಯಮ ಮಾಡಿಕೊಂಡೆವು. ಟಿವಿಯಲ್ಲಿ ಸಂಜೆಯ ಸೋಂಕಿನ ಲೆಕ್ಕ ಮುಗಿದೊಡನೆ ಟಿವಿ ಬಂದ್. ಅರ್ಧ ಗಂಟೆ ಸಂಗೀತ. ಒಂದು ದಿನ ಅಜ್ಜಿಯ ಸರದಿ, ಒಂದು ದಿನ ನನ್ನದು, ಒಂದು ದಿನ ಪುಟ್ಟಿಯದು. ಅಜ್ಜಿಯದು ದೇವರನಾಮ. ಮುಳಬಾಗಿಲಿನ ಶ್ರೀಪಾದರಾಜರು ತಮ್ಮ ಊರಿನವರು ಎಂಬ ಹೆಮ್ಮೆ ಅವರಿಗೆ. ಪುಟ್ಟಿಯದು ಸಿನಿಮಾ ಹಾಡು. ನನ್ನ ಸರದಿ ಬಂದರೆ ಇಬ್ಬರೂ ಒಳಗೆ ಕೆಲಸವಿದೆ ಎನ್ನುತ್ತಿದ್ದರು.

ಅವರನ್ನು ಕೂರಿಸಿಕೊಳ್ಳಲು ನಾನು ಹೀಗೆ ಹೇಳಿಕೊಟ್ಟೆ. ಜಾಝ್‌ನಲ್ಲಿ ಮೊದಲು ಎಲ್ಲರೂ ಸೇರಿ ಒಂದು ಹಾಡಿನ ಧಾಟಿ ನುಡಿಸುತ್ತಾರೆ. ಆಮೇಲೆ ತುತ್ತೂರಿಯವನು ಅದೇ ಧಾಟಿಯನ್ನು ಹಿಡಿದು ತನಗೆ ತೋಚಿದಂತೆ ಬೆಳೆಸುತ್ತಾನೆ. ಅವನು ಮುಗಿಸಿದ ಮೇಲೆ ಪಿಯಾನೋದವನು, ಆಮೇಲೆ ಡ್ರಮ್ಮಿನವನು. ಒಬ್ಬನ ಸರದಿಯಲ್ಲಿ ಉಳಿದವರು ಸುಮ್ಮನಿರುವುದಿಲ್ಲ, ಅವನನ್ನು ಬೀಳದಂತೆ ಹಿಡಿದುಕೊಂಡಿರುತ್ತಾರೆ. ಕೊನೆಗೆ ಎಲ್ಲರೂ ಮತ್ತೆ ಸೇರಿ ಹಾಡಿಗೆ ವಾಪಸ್ ಬರುತ್ತಾರೆ. ಇವತ್ತು ನುಡಿಸಿದ್ದು ನಾಳೆ ಹಾಗೇ ಬರುವುದಿಲ್ಲ. "ಹಾಗಾದ್ರೆ ನಮ್ಮ ಕಚೇರಿಯಲ್ಲಿ ಸ್ವರ ಹಾಕೋದು, ತನಿ ಆವರ್ತನ ಕೊಡೋದು, ಅದೇ ತಾನೆ?" ಎಂದರು ಅಜ್ಜಿ. ಅವರಿಗೆ ಅರ್ಥವಾಗಿತ್ತು. ಆದರೂ ಒಳಗೆ ಕೆಲಸವಿತ್ತು.

ಏಪ್ರಿಲ್ 2ರ ಬೆಳಗ್ಗೆ ಫೋನಿನಲ್ಲಿ ಒಂದು ಸುದ್ದಿ ಓದಿದೆ. ಹಿಂದಿನ ದಿನ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಎಲ್ಲಿಸ್ ಮಾರ್ಸಾಲಿಸ್ ಎಂಬ ಪಿಯಾನೋ ವಾದಕರು ಕೊರೊನಾದಿಂದ ತೀರಿಕೊಂಡಿದ್ದರು. 85 ವರ್ಷ. ಅವರೂ ನನ್ನ ಹಾಗೆ ಮೇಷ್ಟ್ರು. ನೂರಾರು ಮಕ್ಕಳಿಗೆ ಜಾಝ್ ಕಲಿಸಿದವರು. ತಮ್ಮ ಸ್ವಂತ ಮಕ್ಕಳಲ್ಲೇ ನಾಲ್ವರನ್ನು ಸಂಗೀತಗಾರರನ್ನಾಗಿ ಮಾಡಿದವರು: ಒಬ್ಬ ತುತ್ತೂರಿ, ಒಬ್ಬ ಸ್ಯಾಕ್ಸೊಫೋನ್, ಒಬ್ಬ ಟ್ರೊಂಬೋನ್, ಒಬ್ಬ ಡ್ರಮ್. ಅವರ ಊರಿನಲ್ಲಿ ಸಂಗೀತಗಾರ ಸತ್ತರೆ ಬ್ಯಾಂಡಿನವರು ಸ್ಮಶಾನದವರೆಗೆ ಶೋಕದ ಹಾಡು ನುಡಿಸಿಕೊಂಡು ಹೋಗಿ, ವಾಪಸ್ ಬರುವಾಗ ಕುಣಿಯುವ ಹಾಗೆ ಉತ್ಸಾಹದ ಹಾಡು ನುಡಿಸುತ್ತಾರೆ. ನಮ್ಮ ಹಳ್ಳಿಗಳಲ್ಲಿ ತಮಟೆ ಬಾರಿಸಿ ಕಳಿಸಿಕೊಡುವ ಹಾಗೆ. ಗುಂಪು ಸೇರಬಾರದು ಎಂಬ ಕಾಲದಲ್ಲಿ ಅವರನ್ನು ಹಾಗೆ ಕಳಿಸಿಕೊಡುವಂತಿರಲಿಲ್ಲ. ನನ್ನ ಕಣ್ಣು ತುಂಬಿ ಬಂತು.

"ನಿಮಗೆ ಗೊತ್ತಿರೋರಾ ತಾತ?" ಎಂದಳು ಪುಟ್ಟಿ.

"ಇಲ್ಲ ಮಗಳೇ. ನೋಡೇ ಇಲ್ಲ."

"ಮತ್ಯಾಕೆ ಅಳ್ತೀರಾ?"

"ಅವರು ನುಡಿಸಿದ್ದನ್ನ ಕೇಳಿದ್ದೀನಲ್ಲ, ಅದಕ್ಕೆ."

ನನ್ನ ಉತ್ತರ ನನಗೇ ಬಹಳ ಚೆನ್ನಾಗಿ ಕಂಡಿತು. ಮುಂದೆ ಅದೇ ಉತ್ತರ ನನ್ನನ್ನು ಹಿಡಿದು ನಿಲ್ಲಿಸಿತು.

ಮೇ ಕೊನೆಗೆ ಮುಳಬಾಗಿಲಿನಲ್ಲಿ ನನ್ನ ತಮ್ಮನ ಮಗಳ ಮದುವೆ ಗೊತ್ತಾಗಿತ್ತು. ಫೆಬ್ರವರಿಯಲ್ಲೇ ಛತ್ರ ಹಿಡಿದಿದ್ದರು. ವಾಲಗದ ಜವಾಬ್ದಾರಿ ನನ್ನದು. "ಸಂಗೀತ ಅಂದ್ರೆ ದೊಡ್ಡಪ್ಪಂಗೆ ಬಿಡಿ" ಎಂದಿದ್ದಳು ಹುಡುಗಿ. ನಾನೇ ಹೋಗಿ, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಹೆಸರಾದ ಒಬ್ಬ ನಾಗಸ್ವರದ ಯಜಮಾನರಿಗೆ ಎಲೆ ಅಡಿಕೆಯ ಮೇಲೆ 2,000 ರೂಪಾಯಿ ಇಟ್ಟು ವೀಳ್ಯ ಕೊಟ್ಟು ಬಂದಿದ್ದೆ. ಅವರಿಗೆ 65ರ ಆಸುಪಾಸು. ಅವರ ತಂದೆ ನನ್ನ ಮದುವೆಗೆ ನುಡಿಸಿದ್ದವರು. ಮಗ ಡೋಲು ಬಾರಿಸುತ್ತಾನೆ, ತಮ್ಮನ ಮಗ ಶ್ರುತಿ ಹಿಡಿಯುತ್ತಾನೆ, ಇನ್ನೊಬ್ಬ ಹುಡುಗನದು ತಾಳ. ಒಟ್ಟು ನಾಲ್ಕು ಜನ.

ಮೇ ಎರಡನೇ ವಾರದವರೆಗೂ ನಮ್ಮ ಕೋಲಾರ ಜಿಲ್ಲೆ ಹಸಿರು ವಲಯ. ಆಮೇಲೆ ಇಲ್ಲಿಗೂ ಬಂತು. ಮದುವೆಗೆ 50 ಜನಕ್ಕಿಂತ ಹೆಚ್ಚು ಸೇರುವಂತಿಲ್ಲ. ತಮ್ಮನ ಮನೆಯ ಅಂಗಳದಲ್ಲೇ ಚಪ್ಪರ ಹಾಕುವುದೆಂದಾಯಿತು. ಹೆಸರಿನ ಪಟ್ಟಿ ಹಿಡಿದು ಫೋನಿನಲ್ಲೇ ಪಂಚಾಯಿತಿ. 80 ದಾಟಿದ ಮಾಲೂರಿನ ಅಕ್ಕ ಬರುವುದು ಬೇಡ. ಬೆಂಗಳೂರಿನ ಷಡ್ಡಕರು ಬೇಡ. ನನಗೂ 65 ದಾಟಿದ್ದರಿಂದ ಮನೆಯಲ್ಲೇ ಇರಬೇಕಿತ್ತು. ದೊಡ್ಡಪ್ಪ ಎಂದು ಉಳಿಸಿಕೊಂಡರು. ಎಣಿಸಿದರೆ 53. ತಮ್ಮ ಹೇಳಿದ, "ಅಣ್ಣಾ, ವಾಲಗದವರೇ ನಾಲ್ಕು ಜನ ಆಗ್ತಾರೆ. ಫೋನಲ್ಲಿ ಹಾಕಿದ್ರೆ ಆಯ್ತಲ್ಲ. ಸ್ಪೀಕರ್ ಇದೆ."

ನಾನು ಏನಾದರೂ ಹೇಳಬಹುದಿತ್ತು. ಹೇಳಲಿಲ್ಲ. "ಸರಿ" ಎಂದೆ. ಖರ್ಚು ಕೈಮೀರಿದ್ದ ತಮ್ಮ, "ಆ ಅಡ್ವಾನ್ಸೂ ಕೇಳಿ ನೋಡಿ" ಎಂದ. ಅದಕ್ಕೂ ಸರಿ ಎಂದು ಯಜಮಾನರಿಗೆ ಫೋನ್ ಮಾಡಿದೆ.

"ಅಯ್ಯೋ ಮೇಷ್ಟ್ರೇ, ಕಾಲ ಹಂಗಿದೆ, ನೀವೇನು ಮಾಡ್ತೀರಿ. ಕಳಿಸ್ತೀನಿ ಬಿಡಿ" ಎಂದರು. ಮೂರನೇ ದಿನ ಅವರ ಮಗ ಬೈಕಿನಲ್ಲಿ ಕೋಲಾರದವರೆಗೆ ಬಂದು ಗೇಟಿನ ಹೊರಗೇ ನಿಂತು ಒಂದು ಪೊಟ್ಟಣ ಕೊಟ್ಟು ಹೋದ. ಬಿಚ್ಚಿದರೆ ನಾಲ್ಕು ಐನೂರರ ನೋಟು, ಜೊತೆಗೆ ಎರಡು ವೀಳ್ಯದೆಲೆ, ಒಂದು ಅಡಿಕೆ. ಬರೀ ದುಡ್ಡು ವಾಪಸ್ ಕಳಿಸಬಾರದು ಎಂದು ಹೊಸ ಎಲೆ ಇಟ್ಟಿದ್ದರು. ತಮ್ಮನಿಗೆ ಹೇಳಿದರೆ, "ಇರ್ಲಿ ಬಿಡಣ್ಣ, ನಿನ್ನ ಹತ್ರಾನೇ ಇಟ್ಕೋ, ಕೊಟ್ಟಿದ್ದು ನೀನೇ ತಾನೆ" ಎಂದ. ನೋಟುಗಳನ್ನು ಒಂದು ಪುಸ್ತಕದೊಳಗೆ ಇಟ್ಟೆ.

ಮದುವೆ ಚೆನ್ನಾಗಿಯೇ ಆಯಿತು. ಎಲ್ಲರ ಮುಖಕ್ಕೂ ಮಾಸ್ಕ್. ಯಾರು ನಗುತ್ತಿದ್ದಾರೆ, ಯಾರು ಮುನಿಸಿಕೊಂಡಿದ್ದಾರೆ ಎಂದು ಗೊತ್ತಾಗದೆ ಬೀಗರಿಬ್ಬರೂ ಸೌಹಾರ್ದದಿಂದಿದ್ದರು. ಸ್ಪೀಕರಿನಲ್ಲಿ ನಾಗಸ್ವರ ಬರುತ್ತಿತ್ತು. ಮುಹೂರ್ತದ ಹೊತ್ತಿಗೆ ಪುರೋಹಿತರು ಕೈಯೆತ್ತಿ "ಗಟ್ಟಿಮೇಳ, ಗಟ್ಟಿಮೇಳ!" ಎಂದರು. ಮಕ್ಕಳೇ, ತಾಳಿ ಕಟ್ಟುವಾಗ ಗಟ್ಟಿಮೇಳ ಏಕೆ ಗೊತ್ತೇ? ಯಾರಾದರೂ ಸೀನಿದರೂ ಕೆಟ್ಟ ಮಾತಾಡಿದರೂ ಅದು ವಧೂವರರ ಕಿವಿಗೆ ಬೀಳದಿರಲಿ ಎಂದು ಡೋಲು, ನಾಗಸ್ವರ ಎಲ್ಲ ಒಟ್ಟಿಗೆ ಜೋರಾಗಿ ಮೊಳಗುತ್ತವೆ. ವಾಲಗದವರು ಪುರೋಹಿತರ ಕೈಯನ್ನೇ ನೋಡುತ್ತಿರುತ್ತಾರೆ. ಫೋನಿಗೆ ಕೈ ನೋಡಲು ಬರುತ್ತದೆಯೇ? ಅದು ತನ್ನ ಪಾಡಿಗೆ ವಿಳಂಬದಲ್ಲಿ ರಾಗ ಬೆಳೆಸುತ್ತಾ ಇತ್ತು. ತಮ್ಮನ ಮಗ ಓಡಿಹೋಗಿ ಗಟ್ಟಿಮೇಳ ಹುಡುಕುವಷ್ಟರಲ್ಲಿ ಸ್ಪೀಕರ್ ಗಪ್ಪೆಂದು ನಿಂತು, ಬಂದೇ ಬಂತು ಒಂದು ಫೋನ್ ಕರೆ. ಸಿನಿಮಾ ಹಾಡಿನ ರಿಂಗ್‌ಟೋನಿಗೆ ತಾಳಿ ಕಟ್ಟಿಯಾಯಿತು. ಆ ಹೊತ್ತಿಗೇ ಹಿಂದಿನಿಂದ ಯಾರೋ ಸೀನಿದರು. 50 ಜನವೂ ತಿರುಗಿ ನೋಡಿದೆವು.

ಫೋನ್ ಮಾಡಿದ್ದು ಮಾಲೂರಿನ ಅಕ್ಕ. ಮುಹೂರ್ತ ಆಯಿತಾ ಎಂದು ಕೇಳಲು.

ಮನೆಗೆ ಬಂದ ಮೇಲೂ ಇದನ್ನು ಹೇಳಿಕೊಂಡು ಬಹಳ ದಿನ ನಕ್ಕೆವು. ಜೂನ್‌ನ ಒಂದು ಸಂಜೆ ನನ್ನ ಸರದಿ ಬಂದಾಗ ಲೂಯಿ ಆರ್ಮ್‌ಸ್ಟ್ರಾಂಗ್ ಹಾಕಿದೆ. ಗೊಗ್ಗರು ಗಂಟಲಿನ ಆ ಹಾಡುಗಾರನೆಂದರೆ ಪುಟ್ಟಿಗೆ ಇಷ್ಟ. "ಈ ತಾತಂಗೆ ನೆಗಡಿ" ಎನ್ನುತ್ತಾಳೆ. ಅವಳಿಗೆ ಅವರ ಕಥೆ ಹೇಳಿದೆ.

ಆರ್ಮ್‌ಸ್ಟ್ರಾಂಗ್ ಹುಟ್ಟಿದ್ದು 1901ರಲ್ಲಿ, ನ್ಯೂ ಆರ್ಲಿಯನ್ಸಿನ ಕಡುಬಡ ಮನೆಯಲ್ಲಿ. 1912ರ ಕೊನೆಯ ರಾತ್ರಿ, ಹೊಸ ವರ್ಷದ ಗದ್ದಲದಲ್ಲಿ ಪಿಸ್ತೂಲಿನಿಂದ ಗಾಳಿಗೆ ಗುಂಡು ಹಾರಿಸಿ ಸಿಕ್ಕಿಬಿದ್ದ. ಹುಡುಗರ ಸುಧಾರಣಾ ಶಾಲೆಗೆ ಹಾಕಿದರು. ಅಲ್ಲಿ ಪೀಟರ್ ಡೇವಿಸ್ ಎಂಬ ಮೇಷ್ಟ್ರು ಅವನ ಕೈಗೆ ತುತ್ತೂರಿಯಂಥ ಕಾರ್ನೆಟ್ ಕೊಟ್ಟರು. ಅಲ್ಲಿಂದ ಅವನ ದಾರಿ ಬದಲಾಯಿತು. ಆದರೆ ವಾದ್ಯ ಹಿಡಿದು ಹೊಟ್ಟೆ ಹೊರೆಯಲು ಶುರುಮಾಡುವಷ್ಟರಲ್ಲಿ 1918ರ ಇನ್‌ಫ್ಲುಯೆಂಜಾ ಬಂತು. ಆ ಜ್ವರ ನಮ್ಮ ಇಂಡಿಯಾ ಒಂದರಲ್ಲೇ ಒಂದು ಕೋಟಿಗೂ ಹೆಚ್ಚು ಜನರನ್ನು ಒಯ್ದಿತು. ನ್ಯೂ ಆರ್ಲಿಯನ್ಸಿನಲ್ಲೂ ಜನ ಗುಂಪು ಸೇರುವುದನ್ನು ನಿಲ್ಲಿಸಿದರು. ಸಂಗೀತದ ಜಾಗಗಳಿಗೆ ಬೀಗ. 17 ವರ್ಷದ ಹುಡುಗ ಸಿಕ್ಕಿದ ಕೂಲಿ ಕೆಲಸ ಮಾಡಿದ. ಹೇಸರಗತ್ತೆ ಕಟ್ಟಿದ ಗಾಡಿಯಲ್ಲಿ ಮನೆಮನೆಗೆ ಕಲ್ಲಿದ್ದಲು ಹಾಕುವುದು ಅವನಿಗೆ ಮೊದಲೇ ಗೊತ್ತಿದ್ದ ಕಸುಬು. ಮನೆಯವರೂ ನೆರೆಯವರೂ ಜ್ವರದಲ್ಲಿ ಮಲಗಿದಾಗ ತಾನೇ ಎಲ್ಲರ ಆರೈಕೆ ಮಾಡಿದೆ ಎಂದು ಮುಂದೆ ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಜ್ವರ ಹೋದ ಮೇಲೆ ಊರು ಮತ್ತೆ ಬಾಗಿಲು ತೆರೆಯಿತು. ಹುಡುಗ ಮತ್ತೆ ಕಾರ್ನೆಟ್ ಹಿಡಿದ. ಮುಂದೆ ಪ್ರಪಂಚವೆಲ್ಲ ಕೇಳಿತು.

ಪುಟ್ಟಿ ಕೇಳುತ್ತಾ ಕೂತಿದ್ದವಳು, "ತಾತ, ನಮ್ಮ ವಾಲಗದ ತಾತ ಈಗ ಯಾವ ಗಾಡಿ ಹೊಡೀತಿದಾರೆ?" ಎಂದಳು.

ನನಗೆ ಗೊತ್ತಿರಲಿಲ್ಲ. ನೂರು ವರ್ಷದ ಹಿಂದೆ ಅಮೆರಿಕದಲ್ಲಿ ಯಾರು ಕಲ್ಲಿದ್ದಲು ಹೊತ್ತರು ಎಂದು ಗೊತ್ತಿತ್ತು. ಮೂವತ್ತು ಕಿಲೋಮೀಟರು ಆಚೆ ಇರುವವರು ಏನು ಮಾಡುತ್ತಿದ್ದಾರೆ ಎಂದು ಗೊತ್ತಿರಲಿಲ್ಲ. ಅವರು ನುಡಿಸಿದ್ದನ್ನೂ ಕೇಳಿದ್ದೆನಲ್ಲ, ಎಷ್ಟೋ ಸಲ.

ಮಾರನೇ ದಿನ ಫೋನ್ ಮಾಡಿದೆ. ಕೊರೊನಾ ಎಚ್ಚರಿಕೆಯ ಮಾತೆಲ್ಲ ಮುಗಿದ ಮೇಲೆ ಅವರು ಸಿಕ್ಕಿದರು. ಹಿಂದೆ ಲಾರಿಯ ಸದ್ದು. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿದ್ದರು. ತೋತಾಪುರಿ ಬರುವ ಕಾಲ. ಕಾಯಿ ಆರಿಸಿ ಕ್ರೇಟಿಗೆ ತುಂಬುವ ಕೂಲಿ. ಚೈತ್ರ, ವೈಶಾಖದಲ್ಲಿ 17 ಮದುವೆ ಒಪ್ಪಿಕೊಂಡಿದ್ದರಂತೆ. ಒಂದೂ ಇಲ್ಲ. ಆ ಎರಡು ತಿಂಗಳ ದುಡಿಮೆಯಲ್ಲೇ ಅವರ ವರ್ಷ ನಡೆಯಬೇಕು. ಊರಹಬ್ಬ, ಕರಗ, ತೇರು ಎಲ್ಲವೂ ನಿಂತಿದ್ದವು.

"ಸಾಧನೆ ಬಿಟ್ಟಿಲ್ಲ ತಾನೆ?" ಎಂದೆ.

"ಬಿಟ್ರೆ ತುಟಿ ಹೋಗುತ್ತೆ ಮೇಷ್ಟ್ರೇ. ಹದಿನೈದು ದಿನ ಊದ್ಲಿಲ್ಲ ಅಂದ್ರೆ ಮತ್ತೆ ಕೂಡ್ಸೋಕೆ ಎರಡು ತಿಂಗಳು. ಆದ್ರೆ ಊರಲ್ಲಿ ಊದೋ ಹಂಗಿಲ್ಲ. ಊದೋದು ಅಂದ್ರೆ ಉಸಿರು, ಉಸಿರು ಅಂದ್ರೆ ಕಾಯಿಲೆ ಅಂತಾರೆ. ಡೋಲಿನವನು ಮಾಸ್ಕ್ ಹಾಕ್ಕೊಂಡು ಬಾರಿಸ್ಬಹುದು. ನಾನೇನು ಮಾಡ್ಲಿ? ಬೆಳಿಗ್ಗೆ ನಾಲ್ಕೂವರೆಗೆ ಮಾವಿನ ತೋಪಿಗೆ ಹೋಗಿ ಒಂದು ಗಂಟೆ ಊದ್ತೀನಿ."

ಬಂದು ನೋಡುತ್ತೇನೆ ಎಂದೆ. ಹೋಗಲಿಲ್ಲ. ಬಸ್ಸಿನಲ್ಲಿ ಜನ, ನನಗೆ ವಯಸ್ಸಾಗಿದೆ, ಊರಿನಲ್ಲಿ ಸೋಂಕು ಹೆಚ್ಚಾಗಿದೆ, ಹೀಗೆ ಒಂದೊಂದು ತಿಂಗಳಿಗೆ ಒಂದೊಂದು ನೆಪ. ಎಲ್ಲವೂ ನಿಜವೇ. ಆದರೂ ನೆಪವೇ.

ಸೆಪ್ಟೆಂಬರ್ 25ರಂದು ಎಸ್.ಪಿ. ಬಾಲಸುಬ್ರಹ್ಮಣ್ಯಂ ಹೋದರು. ನಮ್ಮ ಕಡೆ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ಎರಡೂ ಭಾಷೆಯಲ್ಲಿ ಅವರು ನಮ್ಮವರೇ. ಅವತ್ತು ಬೀದಿಯ ಯಾವ ಮನೆಯ ಮುಂದೆ ಹಾದರೂ ಅವರದೇ ದನಿ. ಅಜ್ಜಿ 'ಎದೆ ತುಂಬಿ ಹಾಡುವೆನು' ಒಂದು ವಾರವೂ ಬಿಟ್ಟವರಲ್ಲ. ಅತ್ತು, ಕಣ್ಣೊರೆಸಿಕೊಂಡು, ಆಮೇಲೆ ನನ್ನ ಕಡೆ ತಿರುಗಿ, "ಹಾಡಿದವರನ್ನ ಎಲ್ಲಾರೂ ನೆನೆಸ್ಕೊಂಡ್ರು. ಹಿಂದೆ ಕೂತು ನುಡಿಸೋರನ್ನ ಯಾರು ಕೇಳ್ತಾರೆ? ನೀವು ಆ ವಾಲಗದವರ ದುಡ್ಡು ಕೊಟ್ಟು ಬಂದ್ರಾ?" ಎಂದರು.

ವಿಜಯದಶಮಿಯ ದಿನ ತಮ್ಮನ ಮಗನ ಕಾರಿನಲ್ಲಿ ಹೋದೆವು, ನಾನು ಮತ್ತು ಪುಟ್ಟಿ. ಯಜಮಾನರ ಮನೆಯ ಜಗಲಿಯಲ್ಲಿ ಹಿಂದಿನ ದಿನದ ಆಯುಧಪೂಜೆಯ ಹೂವು ನಾಗಸ್ವರದ ಮೇಲೆ ಹಾಗೇ ಇತ್ತು. ದೂರ ದೂರ ಕೂತೆವು. ಕುಶಲ ಮುಗಿದ ಮೇಲೆ 2,000 ರೂಪಾಯಿಯ ಲಕೋಟೆ ಮುಂದಿಟ್ಟೆ. ಅವರು ಮುಟ್ಟಲಿಲ್ಲ.

"ನುಡಿಸದೆ ಹೆಂಗೆ ತಗೊಳ್ಳಲಿ ಮೇಷ್ಟ್ರೇ? ಅಕ್ಕಿ, ಬೇಳೆ ಕೊಟ್ರು, ತಗೊಂಡೆ. ಅದು ಕಷ್ಟಕ್ಕೆ. ಇದು ವಾಲಗದ ದುಡ್ಡು. ನುಡಿಸಿದ್ರೆ ಕೊಡಿ."

ದೊಡ್ಡ ಮನಸ್ಸು ಮಾಡಿ ಕೊಡುತ್ತಿದ್ದೇನೆ ಎಂದುಕೊಂಡು ಹೋದ ನನಗೆ ಮುಖ ಎಲ್ಲಿಡುವುದೋ ತಿಳಿಯಲಿಲ್ಲ. ಪುಟ್ಟಿಯೇ ಕಾಪಾಡಿದಳು. "ತಾತ, ನೀವು ಜಾಝ್ ನುಡಿಸ್ತೀರಾ?" ಎಂದು ಅವರನ್ನು ಕೇಳಿದಳು. ಹಾಗಂದರೇನು ಎಂದರು. ನಾನು ಅಜ್ಜಿಗೆ ಹೇಳಿದ್ದನ್ನೇ ಅವಳು ಅವರಿಗೆ ಒಪ್ಪಿಸಿದಳು.

"ಅಷ್ಟೇನಾ?" ಎಂದು ನಕ್ಕರು. "ನಾವು ಉತ್ಸವದಲ್ಲಿ ಮಾಡೋದು ಅದೇ ಅಲ್ವೇ? ಗುಡಿ ಬಾಗಿಲಲ್ಲಿ ಒಂದು ರಾಗ ಹಿಡೀತೀವಿ. ದೇವರು ಊರು ಸುತ್ತಿ ಬರೋವರೆಗೂ ಬೆಳೆಸ್ತೀವಿ. ಬೀದಿ ಉದ್ದ ಇದ್ರೆ ರಾಗ ಉದ್ದ. ಬೀದಿ ಗಿಡ್ಡ ಇದ್ರೆ ಗಿಡ್ಡ. ಯಾರೂ ಬರೆದು ಕೊಟ್ಟಿರಲ್ಲ."

ನನ್ನ ಫೋನ್ ತೆಗೆದು ಅವರಿಗೆ ಇಬ್ಬರನ್ನು ಕೇಳಿಸಿದೆ. ಮೊದಲನೆಯವರು ಕದ್ರಿ ಗೋಪಾಲನಾಥ್. ಬಂಟ್ವಾಳದ ಕಡೆಯ ಸಜೀಪಮೂಡದಲ್ಲಿ ನಾಗಸ್ವರದ ಮನೆಯಲ್ಲಿ ಹುಟ್ಟಿ, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದವರು. ಬಿಳಿಯರ ವಾದ್ಯದಲ್ಲಿ ನಮ್ಮ ಗಮಕ ಬರುವಂತೆ ಮಾಡಲು ವರ್ಷಗಟ್ಟಲೆ ಒದ್ದಾಡಿದರು. 1980ರಲ್ಲಿ ಮುಂಬೈಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಜೊತೆ ನುಡಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನುಡಿಸಿದರು. 2019ರ ಅಕ್ಟೋಬರಿನಲ್ಲಿ ತೀರಿಕೊಂಡರು. ಅವರನ್ನು ಯಜಮಾನರು ಬಲ್ಲರು. "ಗೊತ್ತು, ಗೊತ್ತು" ಎಂದು ಕೈ ಮುಗಿದರು.

ಎರಡನೆಯವರನ್ನು ಕೇಳಿ ಅವರ ಹುಬ್ಬು ಮೇಲೇರಿತು. ಅವರು ಚಾರ್ಲಿ ಮರಿಯಾನೊ, ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕರು. ನಾಗಸ್ವರ ಕೇಳಿ ಮರುಳಾಗಿ, ದಕ್ಷಿಣ ಭಾರತಕ್ಕೆ ಬಂದು ಅದನ್ನು ಕಲಿತವರು. ಮುಂದೆ ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ನಿನ ಟಿ.ಎ.ಎಸ್. ಮಣಿ, ಆರ್.ಎ. ರಮಾಮಣಿ ಅವರ ಜೊತೆ ನುಡಿಸಿ 1983ರಲ್ಲಿ 'ಜ್ಯೋತಿ' ಎಂಬ ಧ್ವನಿಮುದ್ರಿಕೆಯನ್ನೂ ಮಾಡಿದರು. ನಮ್ಮವರು ನಾಗಸ್ವರ ಬಿಟ್ಟು ಸ್ಯಾಕ್ಸೊಫೋನಿಗೆ ಹೋದರೆ, ಅವರು ಸ್ಯಾಕ್ಸೊಫೋನಿನಿಂದ ನಾಗಸ್ವರಕ್ಕೆ ಬಂದರು. ಬಿಳಿಯನೊಬ್ಬ ಊದಿದ ನಾಗಸ್ವರವನ್ನು ಯಜಮಾನರು ಕಣ್ಣುಮುಚ್ಚಿ ಕೇಳಿದರು. "ತುಟಿ ಚೆನ್ನಾಗಿದೆ. ಪೀಪಿಗೆ ಒದ್ದಾಡಿರ್ತಾರೆ ಪಾಪ, ಅಮೆರಿಕದಲ್ಲಿ ಎಲ್ಲಿ ಸಿಗುತ್ತೆ?" ಎಂದರು.

ಹೊರಡುವಾಗ ಕೇಳಿದೆ, "ನಮ್ಮ ಮನೆ ತುಳಸಿ ಹಬ್ಬಕ್ಕೆ ಬಂದು ನುಡಿಸ್ತೀರಾ? ನಾಲ್ಕೂ ಜನ." ಪುಟ್ಟಿ ಅವರ ಮನೆಯವರ ಹತ್ತಿರ ಎಲೆ ಅಡಿಕೆ ಕೇಳಿ ತಂದಳು. ಅದೇ ನಾಲ್ಕು ನೋಟು ಇಟ್ಟು ಕೊಟ್ಟೆ. ಈ ಸಲ ತೆಗೆದುಕೊಂಡರು.

ತುಳಸಿ ಹಬ್ಬದ ದಿನ, ನವೆಂಬರ್ 26ರಂದು, ನಿವಾರ್ ಚಂಡಮಾರುತದ ಮಳೆ. ಥಂಡಿ ಗಾಳಿ. ಬರುವುದಿಲ್ಲ ಎಂದುಕೊಂಡಿದ್ದೆವು. ವಾದ್ಯಗಳಿಗೆ ಪ್ಲಾಸ್ಟಿಕ್ ಸುತ್ತಿಕೊಂಡು ಬಾಡಿಗೆ ಆಟೋದಲ್ಲಿ ಬಂದರು. ಮಗ ಈಗ ಹಾಲಿನ ಡೇರಿಯಲ್ಲಿ ಕೆಲಸಕ್ಕೆ ಸೇರಿದ್ದಾನೆ. ಪಾಳಿ ಮುಗಿಸಿ ನೇರ ಬಂದಿದ್ದ. ಜಗಲಿಯ ಮೇಲೆ ನಾಲ್ವರೂ ಕೂತರು. ನಾವು ಒಳಗೆ, ಬೀದಿಯವರು ಮಾಸ್ಕ್ ಹಾಕಿಕೊಂಡು ಕೊಡೆ ಹಿಡಿದು ತಮ್ಮ ತಮ್ಮ ಗೇಟಿನಲ್ಲಿ. ಮೊದಲ ಕಾಲು ಗಂಟೆ ಯಜಮಾನರ ಸ್ವರ ಅಲ್ಲಲ್ಲಿ ಒಡೆಯಿತು. ನಿಲ್ಲಿಸಿ, ಪೀಪಿ ಬದಲಿಸಿ, ಮತ್ತೆ ಹಿಡಿದರು. ಆಮೇಲೆ ಏನು ಹೇಳಲಿ! ಎಂಟು ತಿಂಗಳು ಆ ಬೀದಿಯಲ್ಲಿ ಆಂಬುಲೆನ್ಸಿನ ಸದ್ದು ಬಿಟ್ಟರೆ ಬೇರೆ ಜೋರು ಸದ್ದು ಕೇಳಿರಲಿಲ್ಲ. ಪುಟ್ಟಿ ತಡೆಯಲಾರದೆ ಗುಳಿಬಿದ್ದ ತಟ್ಟೆ ತಂದು ನಡುನಡುವೆ ಟಣ್ ಎನ್ನಿಸಿದಳು. ನಾನು ಗದರಲು ಹೋದೆ. ಡೋಲಿನವನು ಬೇಡವೆಂದು ತಲೆಯಾಡಿಸಿ, ಅವಳು ತಟ್ಟುವ ಜಾಗವನ್ನು ಬಿಟ್ಟುಕೊಟ್ಟು ಬಾರಿಸಿದ.

ಎದುರುಮನೆಯವರು ಸಂಭಾವನೆಗೆ ಐನೂರು ಸೇರಿಸಿದರು. ಇನ್ನೊಬ್ಬರು ಫೆಬ್ರವರಿಯ ಗೃಹಪ್ರವೇಶಕ್ಕೆ ಯಜಮಾನರ ನಂಬರ್ ಬರೆದುಕೊಂಡರು. ಇಷ್ಟರಿಂದ 17 ಮದುವೆ ವಾಪಸ್ ಬರುವುದಿಲ್ಲ. ಮಗ ಡೇರಿ ಬಿಟ್ಟು ಡೋಲಿಗೆ ಬರುತ್ತಾನೋ ಇಲ್ಲವೋ ಅವನಿಗೇ ಗೊತ್ತಿಲ್ಲ. ಮಗ ಬಾರದಿದ್ದರೆ ಹೊಸ ಡೋಲಿನವನನ್ನು ಹುಡುಕಬೇಕು, ಈ ವಯಸ್ಸಿನಲ್ಲಿ ಅವನ ಕೈಗೆ ಹೊಂದಿಕೊಳ್ಳಬೇಕು ಎಂದರು ಯಜಮಾನರು.

ಮದುವೆಯ ಕಾಲ ಮತ್ತೆ ಬರುತ್ತಿದೆ. ನಿಮ್ಮ ಮನೆಯಲ್ಲೂ ಪಟ್ಟಿ ಬರೆಯುತ್ತಿರಬಹುದು, ಹೆಸರು ಹೊಡೆಯುತ್ತಿರಬಹುದು. ವಾಲಗದ ನಾಲ್ಕು ಜನರನ್ನು ಹೊಡೆಯುವ ಮುಂಚೆ ನನ್ನಂಥ ಒಬ್ಬ ದೊಡ್ಡಪ್ಪನನ್ನು ಹೊಡೆಯಿರಿ. ನಾವು ಅಕ್ಷತೆಯನ್ನು ಮನೆಯಿಂದಲೇ ಹಾಕುತ್ತೇವೆ. ಮಕ್ಕಳೇ, ನಿಮಗೊಂದು ಕೆಲಸ. ಇವತ್ತು ಸಂಜೆ ನಿಮ್ಮ ಅಜ್ಜಿ, ತಾತನನ್ನು ಕೇಳಿ: ನಿಮ್ಮ ಮದುವೆಗೆ ವಾಲಗ ನುಡಿಸಿದವರು ಯಾರು, ಅವರ ಮಕ್ಕಳು ಈಗ ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ? ಗೊತ್ತಿಲ್ಲ ಎಂದರೆ ಇಬ್ಬರೂ ಸೇರಿ ಒಂದು ಫೋನ್ ಮಾಡಿ.